ಹಸಿರು ಪೊಟ್ಟಣ ಒಡೆದೆವು

ಶಿಂಚೂ, ಶುಕ್ರವಾರ

ಚುವಾಂಗ್ ಮೇಷ್ಟ್ರಿಗೆ ನಮಸ್ಕಾರ.

ನಮ್ಮ ಲಿನಕ್ಸ್ ಸರ್ವರ್‌ಗೆ ತಂತ್ರಾಂಶ ಹಾಕುವ, ತೆಗೆಯುವ ಸಾಧನ ಬರೆಯುವಾಗ, ಹೊಸ ಆವೃತ್ತಿ ಸರಿಯಾಗಿ ನಿಲ್ಲುವವರೆಗೆ ಹಳೆಯದನ್ನು ಅಳಿಸಬಾರದೆಂದು ನಾನು ಹಟ ಹಿಡಿದಿದ್ದೆ. "ಹಳೇ ಡಬ್ಬ ಕೂಡಿಡೋ ಅಜ್ಜಿ ಕಣೇ ನೀನು! ನಿನ್ನ ಸಾಧನಕ್ಕಿಂತ ಈ ತಿಂಡಿ ಪೊಟ್ಟಣಾನೇ ನಂಬ್ತೀನಿ" ಎಂದು ನಕ್ಕು, ಸರ್ವರ್ ಮುನಿಯದಿರಲೆಂದು ನಮ್ಮೂರಲ್ಲಿ ಎಲ್ಲರೂ ಇಡುವ ಹಸಿರು ತಿಂಡಿ ಪೊಟ್ಟಣವನ್ನು ನೀವೇ ಸರ್ವರ್ ತಲೆಯ ಮೇಲಿಟ್ಟಿರಿ.

ಇವತ್ತು ನೀವು ಬರೆದು ಕಳಿಸಿದ ತಂತ್ರಾಂಶದ ಹೊಸ ಆವೃತ್ತಿ ಹಾಕಿದೆವು. ಸರ್ವರ್ ಮಕಾಡೆ ಮಲಗಿತು. ಪೊಟ್ಟಣ ಸುಮ್ಮನೆ ಕೂತಿತ್ತು. ನನ್ನ ಸಾಧನ ತಾನಾಗಿಯೇ ಹಳೆಯದನ್ನು ಎಬ್ಬಿಸಿ ನಿಲ್ಲಿಸಿತು. ನನ್ನ ಚಹಾ ಇನ್ನೂ ಆರಿರಲಿಲ್ಲ!

ಒಡೆದರೆ ಸರ್ವರ್ ಕೆಡುತ್ತದೆ ಅಂತೀರಲ್ಲ, ಆ ಪೊಟ್ಟಣ ಒಡೆದು ಎಲ್ಲರೂ ತಿಂದೆವು. ಸರ್ವರ್ ಓಡುತ್ತಲೇ ಇದೆ. ನಿಮ್ಮ ಪಾಲು ತೆಗೆದಿಟ್ಟಿದ್ದೇನೆ. ಮೆತ್ತಗಾಗುವ ಮೊದಲು ನಿಮ್ಮ ತಪ್ಪು ತಿದ್ದಿಕೊಂಡು ಬನ್ನಿ.

ಹಳೇ ಡಬ್ಬದಲ್ಲೇ ಅದನ್ನು ಕಾದಿಟ್ಟಿರುವ
ನಿಮ್ಮ ಅಜ್ಜಿ,
ಪೆಯ್-ರೂ