ಬೈಲಹೊಂಗಲದ ಟೂಬಾ

ನವೆಂಬರ್ 3, ರವಿವಾರ. ಬೆಳಿಗ್ಗೆ 7

ಮೌತ್‌ಪೀಸ್ ತೊಳೆದೆ. ಅರ್ಧ ಗಂಟೆ ಬರೀ ಅದನ್ನೇ ಊದಿದೆ. ವಾದ್ಯ ಎಲ್ಲಿದೆ? ನಮ್ಮ ದೊಡ್ಡ ಹಿತ್ತಾಳೆ ಕಹಳೆ, ಆ ಹಳೆಯ ಟೂಬಾ, ಹೋದ ಸೀಜನ್ನಿನಲ್ಲಿ ಕಿತ್ತೂರಿನ ಮದುವೆಯಲ್ಲೇ ಬಿರಿಯಿತು. ತುಳಸಿ ಲಗ್ನ ಮುಗಿದರೆ ಮತ್ತೆ ಮೆರವಣಿಗೆಗಳು ಶುರು. ಬ್ಯಾಂಡಿನ ಮಾಲಕರು ಬುರಾನಸಾಬರು ಎರಡು ಟೂಬಾ ನೋಡಿದ್ದಾರೆ. ಒಂದು ಹೊಸದು, ಮಿರಿಮಿರಿ ಮಿಂಚುತ್ತದೆ. ಇನ್ನೊಂದು ಬೈಲಹೊಂಗಲದಲ್ಲಿ ಮುಚ್ಚಿದ ಯಾವುದೋ ಬ್ಯಾಂಡ್ ಕಂಪನಿಯದು, ಅಲ್ಲಲ್ಲಿ ತಗ್ಗು. ರೇಟು ಹೆಚ್ಚುಕಡಿಮೆ ಒಂದೇ. ಯಾವುದು ತಗೊಳ್ಳಲಿ ಅಂತ ಸವದತ್ತಿಯ ಅರ್ಧ ಊರನ್ನು ಕೇಳಿದ್ದಾರೆ. ಫೋಟೋಗ್ರಾಫರನನ್ನು ಕೇಳಿದ್ದಾರೆ! ಇಪ್ಪತ್ತಾರು ವರ್ಷ ಊದಿದ ನನ್ನೊಬ್ಬನನ್ನು ಬಿಟ್ಟು.

ಸಂಜೆ

ಮಾಲಕರ ಹತ್ತಿರ ನಾನೇ ಹೋದೆ. “ಹೊಸಾದು ಹಗರ ಐತಿ, ವಿರೂಪಾಕ್ಷಪ್ಪ. ಫೋಟೊದಾಗ ಮಸ್ತ್ ಕಾಣತೈತಿ” ಅಂದರು.

“ಲಗ್ನದ ಮಂದಿ ಬ್ಯಾಂಡ ಕಣ್ಣೀಲೆ ಕೇಳ್ತಾರೇನ್ರಿ, ಮಾಲಕ್ರ?”

ನಕ್ಕರು. ಮಂಗಳವಾರ ಬಂದು ಎರಡೂ ಊದಿ ತೋರಿಸಬೇಕಂತೆ. ಪರೀಕ್ಷೆ. ನನಗೆ!

ನವೆಂಬರ್ 5, ಮಂಗಳವಾರ

ಕುರ್ಚಿ ಹಾಕಿ ಕೂತು ಊದಿರಿ ಅಂದರು. ಕೂತು! ನಾವೇನು ಕೂತು ಬಾರಿಸುವವರೇ? ಎರಡನ್ನೂ ಒಂದಾದಮೇಲೊಂದು ಹೊತ್ತುಕೊಂಡು ಉಗರಗೋಳದ ರಸ್ತೆಯಲ್ಲಿ ನಡೆದೆ. ಎಲ್ಲರೂ ಹಿಂದೆ. ಹೊಸದು — ಹೆಜ್ಜೆ ಹಾಕಿದರೆ ಕೆಳಗಿನ ಸ್ವರ ನಡುಗುತ್ತದೆ. ತಗಡು. ಹಳೆಯದು ಭಾರ, ಭುಜ ಕಿತ್ತು ಬರುತ್ತದೆ. ಆದರೆ ದನಿ... ಎಷ್ಟು ದಿನವಾಗಿತ್ತು ಅಂಥ ದನಿ ಕೇಳಿ.

ಒಂದೆರಡು ಸಲ ಬಾಯಂಚಿನಲ್ಲಿ ಗಾಳಿ ಸೋರಿತು. ಶ್ರಾವಣದಲ್ಲಿ ರಾಮದುರ್ಗದಲ್ಲಿ ಮೇಲಿನ ಎರಡು ಹಲ್ಲು ಕೀಳಿಸಿದ್ದೆನಲ್ಲ, ಅದಕ್ಕೆ. ಹಲ್ಲಿನ ಸೆಟ್ ಕೂತರೆ ಸರಿಹೋಗುತ್ತದೆ.

“ನೀವು ಅಂದದ್ದ ಖರೆ. ಬೈಲಹೊಂಗಲದ್ದ ತಗೊಳ್ಳೂಣು” ಅಂದರು ಬುರಾನಸಾಬರು. ಗೆದ್ದೆ!

ನವೆಂಬರ್ 8, ಶುಕ್ರವಾರ

ಬರೆದೇ ಬಿಡುತ್ತೇನೆ.

ಇವತ್ತು ವಾದ್ಯದ ಪೂಜೆ. ನಮ್ಮ ಕಂಪನಿಯ ಪದ್ಧತಿ — ಲೋಬಾನದ ಧೂಪ ಹಾಕಿ, ಕಾಯಿ ಒಡೆದ ಮೇಲೆ ಮೊದಲ ಸ್ವರ ಅದನ್ನು ಊದುವವನದು. ಯೂನಿಫಾರ್ಮ್ ಹಾಕಿಕೊಂಡು ಹೋಗಿದ್ದೆ. ಜೇಬಿನಲ್ಲಿ ಮೌತ್‌ಪೀಸ್. ಮುಂದೆ ಬಂದು ನಿಂತೆ.

“ಬಾಳು, ಬಾರೋ. ನೀ ಊದ” ಅಂದರು ಮಾಲಕರು.

ಬಾಳು! ಇಷ್ಟು ವರ್ಷ ಜಾಂಜಿನ ತಾಳ ಬಾರಿಸಿಕೊಂಡಿದ್ದವನು! ಉಳಿದವರೆಲ್ಲ ನೆಲ ನೋಡುತ್ತಿದ್ದರು. ಅಂದರೆ ಎಲ್ಲರಿಗೂ ಮೊದಲೇ ಗೊತ್ತಿತ್ತು.

“ಹಲ್ಲ ಹ್ವಾದಮ್ಯಾಲ ಗಾಳಿ ನಿಲ್ಲೂದಿಲ್ಲ, ವಿರೂಪಾಕ್ಷಪ್ಪ. ನಿಮಗೂ ಗೊತ್ತೈತಿ. ಅವಗ ನೀವ ಕಲಸ್ರಿ. ನಿಮ್ಮ ಪಗಾರ ತಪ್ಪೂದಿಲ್ಲ.”

ಪಗಾರ ಕೇಳಿದೆನೇ ನಾನು? ಮಂಗಳವಾರ ಹೇಳಲು ಇವರಿಗೆ ಬಾಯಿರಲಿಲ್ಲವೇ? ನನ್ನ ಭುಜದ ಮೇಲೆ ಹೊರಿಸಿ, ನನ್ನಿಂದಲೇ ಆರಿಸಿ, ಬಾಳುವಿನ ಕೈಗೆ! ಎಂಥ ಅನ್ಯಾಯ. ನೇರ ಮನೆಗೆ ಬಂದೆ.

ನವೆಂಬರ್ 14, ಗುರುವಾರ. ಸಂಜೆ

ಕಂಪನಿ ಕಡೆ ಕಾಲಿಟ್ಟಿಲ್ಲ. ಬಾಳು ಮಾತ್ರ ದಿನಾ ಟೂಬಾ ಹೊತ್ತು ಬರುತ್ತಾನೆ. ನನ್ನ ಹೆಂಡತಿ ತಂಗೆವ್ವ ಅವನಿಗೆ ಚಹಾ ಬೇರೆ ಕೊಡುತ್ತಾಳೆ!

“ಕಾಕಾ, ಒಮ್ಮಿ ಕೇಳ್ರಿ, ಸಾಕು.”

“ನಡಿಯೋ” ಅಂದೆ ಒಳಗಿನಿಂದ. ಅವನು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಊದುತ್ತಿದ್ದಾನೆ. ಗಲ್ಲ ಉಬ್ಬಿಸಿದ್ದಾನೆ, ನೋಡದೆಯೇ ಗೊತ್ತಾಗುತ್ತದೆ. ಅಂಥ ವಾದ್ಯ, ಹಾಳು ಮಾಡುತ್ತಿದ್ದಾನೆ. ಮಾಡಲಿ. ನಾನು ಏಳುವುದಿಲ್ಲ. ಬೇಕಾದರೆ ಮಾಲಕರೇ ಬಂದು ಕಲಿಸಲಿ.

ಮತ್ತೆ ಅದೇ ತಪ್ಪು. ಮತ್ತೆ... ಅಯ್ಯೋ, ಅಲ್ಲೋ ಬಾಳು, ಹೊಟ್ಟೀಲೆ ಊದಬೇಕೋ, ತಡಿ —