ಬಾಯಿಗೆ ಬಂದಿದ್ದ ಪದ

ಮಾರ್ಚ್ ೧೪, ಶನಿವಾರ

ನಿದ್ರೆ ಹತ್ತುವಂತಿಲ್ಲ. ಡಿಸ್ಲೆಕ್ಸಿಯಾ ಇರುವವರಿಗಾಗಿ ನಾವು ನಡೆಸುವ ಸಂಘದಲ್ಲಿ ಕಟ್ಟುನಿಟ್ಟಿನ ನಿಯಮ ಒಂದೇ: ಓದುವವರು ಎಷ್ಟೇ ತಡವರಿಸಲಿ, ಪಕ್ಕದವರು ಪದವನ್ನು ಹೇಳಿಕೊಡಕೂಡದು. ಇಂದು ಅದನ್ನು ಮುರಿದವಳು ಅಧ್ಯಕ್ಷೆಯಾದ ನಾನೇ.

ಸಂಘಕ್ಕೆ ಬರುವ ದರ್ಜಿ ಹೆಂಗಸೊಬ್ಬಳು, ಮೊಮ್ಮಗಳಿಗೆ ತಾನೇ ಓದಿ ಹೇಳಬೇಕೆಂದು ವಾರಗಟ್ಟಲೆ ಅಭ್ಯಾಸ ಮಾಡಿದ್ದ ಕಥೆಯನ್ನು ನನ್ನ ಪಕ್ಕ ಕೂತು ಓದುತ್ತಿದ್ದಳು. ಕೊನೆಯ ಸಾಲಿನ ಒಂದು ಪದದ ಮೇಲೆ ಅವಳ ಬೆರಳು ನಿಂತಿತು. ನಾನು ತಾಳಲಾರದೆ ಆ ಪದ ಹೇಳಿಬಿಟ್ಟೆ. ಅವಳು ಪುಸ್ತಕ ಮುಚ್ಚಿದಳು.

“ನನ್ನ ಬಾಯಿಗೆ ಬಂದಿತ್ತು ಟೀಚರಮ್ಮ. ನೀವು ಕಿತ್ಕೊಂಡ್ರಿ.”

“ಅಧ್ಯಕ್ಷರ ನಾಲಿಗೆಗೆ ನಾಲ್ಕು ಹೊಲಿಗೆ ಹಾಕ್ಬಿಡಮ್ಮ” ಎಂದು ಕಾರ್ಯದರ್ಶಿ ನಗಿಸಲು ನೋಡಿದರು. ಅವಳು ನಗದೆ, ಚೀಲ ಎತ್ತಿಕೊಂಡು ಹೊರಟೇಹೋದಳು.

ಶಾಲೆಯಲ್ಲಿ ಓದುತ್ತ ತಡೆದು ನಿಂತ ಮಕ್ಕಳಿಗೆ ಪದ ಎತ್ತಿಕೊಡುವುದನ್ನೇ ಜೀವಮಾನವೆಲ್ಲ ಉಪಕಾರವೆಂದು ತಿಳಿದವಳು ನಾನು. ಈಗಲೂ ಹಾಗೆಯೇ ಅನ್ನಿಸುತ್ತದೆ. ಆದರೆ ಮುಚ್ಚಿದ ಆ ಪುಸ್ತಕ ಕಣ್ಣಮುಂದಿನಿಂದ ಸರಿಯಲೊಲ್ಲದು.

ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಬರ್ತೀನಿ. ಆದ್ರೆ ನೀವು ನನ್ನ ಪಕ್ಕ ಕೂರ್ಬೇಡಿ” ಎಂದಳು.

ಒಪ್ಪಿದೆ. ಎದುರಿಗೆ ಕುಳಿತರೆ ನನ್ನ ತುಟಿಗಳು ತಾವಾಗಿಯೇ ಆಡುವುದು ಅವಳಿಗೆ ಕಂಡೀತು. ಬೆನ್ನ ಹಿಂದೆಯೇ ಕೂರಬೇಕು. ಅಲ್ಲಿಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಅವಳು ತಡೆದು ನಿಂತಷ್ಟು ಹೊತ್ತು ಉಸಿರನ್ನೂ...