ಅರಮನೆಯ ಪರದೆ

ನವೆಂಬರ್ 9, ಬೆಳಿಗ್ಗೆ

ಮತ್ತೆ ನೀರಿನ ಸಾಲು. ಶಾಲೆಯ ಅಂಗಳದಲ್ಲಿ ನಿಂತು ಗುಡುಗಿದೆ — “ಕೊಡಗಳು ಎಡಕ್ಕೆ! ಜಗಳಗಳು ಬಲಕ್ಕೆ!” ಮೈಕು ಬೇಡ ಈ ಗಂಟಲಿಗೆ. ಆಯುಷ್ಯವೆಲ್ಲ ರಾಜನ ಪಾತ್ರ ಮಾಡಿದ ಗಂಟಲು. ಆದರೂ ಜನರ ಕಣ್ಣೆಲ್ಲ ತಮ್ಮನ ಮೇಲೆ! ನಮ್ಮ ನಾಟಕ ಕಂಪನಿಯ ಖಳನಾಯಕ. ಅವನು ರಂಗಕ್ಕೆ ಬಂದರೆ ಮುದುಕಿಯರು ಹಿಡಿಶಾಪ ಹಾಕುತ್ತಿದ್ದರು. ಈಗ ಅದೇ ಮುದುಕಿಯರು ತಲೆ ನೇವರಿಸುತ್ತಾರೆ.

ಏನು ಮಹಾ ಸಾಧನೆ? ಚಂಡಮಾರುತ ಛಾವಣಿಗಳನ್ನು ಕಿತ್ತೊಯ್ದಿತು. ಪರಿಹಾರ ಶಿಬಿರದಲ್ಲಿ ಕೊಟ್ಟ ಟಾರ್ಪಾಲು ಅರ್ಧ ಕೇರಿಗೂ ಸಾಲಲಿಲ್ಲ. ನಮ್ಮ ನಾಟಕದ ಪರದೆಗಳಿಗೆ ಮೇಣ ಬಳಿದು ಉಳಿದ ಮನೆಗಳ ಮೇಲೆ ಕಟ್ಟಿಸಿದ. ಅಷ್ಟೇ!

ಕ್ಷೌರಿಕನಿಗೆ ಸೆರೆಮನೆಯ ದೃಶ್ಯದ ಪರದೆ ಸಿಕ್ಕಿದೆ. “ಯಜಮಾನ್ರೇ, ಜೈಲಲ್ಲಿ ಮಲಗಿದ್ರೂ ಒಂದು ಹನಿ ಬೀಳ್ಲಿಲ್ಲ ನೋಡಿ. ನಿಮ್ಮ ತಮ್ಮ ದೇವರಂಥ ಮನುಷ್ಯ!”

ದೇವರಂತೆ... ಪರದೆ ನನ್ನ ಕಂಪನಿಯದು!

ನವೆಂಬರ್ 10

ತಮ್ಮ ಕೇಳಿದ: “ಅಣ್ಣಾ, ಅರಮನೆ ಪರದೆ ಎಲ್ಲಿ? ಟೈಲರಕ್ಕನ ಮನೆಗೆ ಬೇಕು. ಅವರಮ್ಮ ಹಾಸಿಗೆ ಹಿಡಿದೋರು, ಮನೆ ಬಿಟ್ಟು ಬರಲ್ಲ ಅಂತಾರೆ. ಮಳೆ ಬಂದ್ರೆ ಗತಿಯೇನು?”

“ಗಾಳಿ ಒಯ್ತು ಕಣೋ.”

ಸುಳ್ಳು. ಉಗ್ರಾಣದ ಪೆಟ್ಟಿಗೆಯಲ್ಲಿದೆ. ಕೊಡುವುದಿಲ್ಲವೆಂದಲ್ಲ — ನಾನೇ ಕೊಡುತ್ತೇನೆ! ಶುಕ್ರವಾರ ಪರಿಹಾರದ ಅಧಿಕಾರಿ ಬರುತ್ತಾರೆ, ಕೇರಿಯೆಲ್ಲ ಸೇರುತ್ತದೆ. ಆಗ ಪರದೆಯನ್ನು ಹೆಗಲ ಮೇಲೆ ಹೊತ್ತು ನನ್ನ ಪ್ರವೇಶ! ಉಗ್ರಾಣದ ಬಾಗಿಲು ಹಾಕಿಕೊಂಡು ಮಾತು ಅಭ್ಯಾಸ ಮಾಡಿದೆ: “ಈ ಅರಮನೆ ಇಂದಿನಿಂದ ನಿನ್ನದು, ತಾಯೀ!”

ಕೊನೆಯ ಸ್ವರ ಇನ್ನೂ ಏರಬೇಕು.

ನವೆಂಬರ್ 13, ಶುಕ್ರವಾರ

ಅಧಿಕಾರಿ ಬರಲಿಲ್ಲ. ಭಾನುವಾರವಂತೆ. ಆಕಾಶದಲ್ಲಿ ಮೋಡ.

ಪೆಟ್ಟಿಗೆಯ ಗುಟ್ಟು ಹೆಂಡತಿಗೆ ಮಾತ್ರ ಗೊತ್ತು. “ರೀ, ನೀವು ಪ್ರವೇಶಕ್ಕೆ ಕಾಯ್ತಾ ಕೂತಿರಿ. ಅಲ್ಲಿ ನಾಟಕಾನೇ ಮುಗಿದುಹೋಗುತ್ತೆ.”

ಊಟಕ್ಕೆ ಮೈದುನನಿಗೆ ಒಂದು ಸೌಟು ಹೆಚ್ಚು ಬಡಿಸಿದಳು. ನನ್ನ ಕಣ್ಣೆದುರೇ!

ನವೆಂಬರ್ 14, ಸಂಜೆ

ಮಧ್ಯಾಹ್ನ ಮಳೆ ಸುರಿಯಿತು. ಪರದೆ ಹೊತ್ತು ಓಡಿದೆ. ಚಪ್ಪಾಳೆಯಿಲ್ಲ, ಜನವಿಲ್ಲ, ಮೊಣಕಾಲವರೆಗೆ ಕೆಸರು.

ಟೈಲರಕ್ಕನ ಮನೆಯ ಮೇಲೆ ನೀಲಿ ಟಾರ್ಪಾಲು — ನಮ್ಮ ಮನೆಯದೇ! ಬಿಚ್ಚಿ ತಂದಿದ್ದಾನೆ. ಹಗ್ಗ ಕಿತ್ತುಹೋಗಿದೆ, ಅದು ಹಾರದಂತೆ ಅದರ ಮೇಲೆ ಬೋರಲು ಬಿದ್ದಿದ್ದಾನೆ ತಮ್ಮ. ಒಳಗಿನಿಂದ ಮುದುಕಿಯ ಕೆಮ್ಮು.

“ಬಂದ್ಯಾ ಅಣ್ಣಾ? ಗಾಳಿ ವಾಪಸ್ ತಂದುಕೊಡ್ತಾ?” ನಕ್ಕ. ಖಳನಾಯಕನ ನಗು, ಕೇರಿ ನಡುಗುವಂಥದು.

ಏಣಿ ಹತ್ತಿದೆ. ಇಬ್ಬರೂ ಸೇರಿ ಟಾರ್ಪಾಲಿನ ಮೇಲೆ ಅರಮನೆಯನ್ನು ಬಿಗಿದೆವು. ಅಷ್ಟು ಮಳೆಯಲ್ಲೂ ಹೊಟ್ಟೆಯ ಉರಿ ಆರಲಿಲ್ಲ — ಆ ನಗು ನನಗೆ ಎಂದೂ ಒಲಿಯಲಿಲ್ಲ.

ನವೆಂಬರ್ 15

ನಮ್ಮ ಮನೆಯ ಮೇಲೆ ಬರೀ ಆಕಾಶ. ಹೆಂಡತಿ ಹಾಸಿಗೆ ಹಿಂಡುತ್ತಿದ್ದಾಳೆ.

ಅಧಿಕಾರಿ ಬಂದರು. ಕೇರಿಯೆಲ್ಲ ಸೇರಿತು. “ಆ ಅರಮನೆ ಯಾರ ಕೊಡುಗೆ?” ಎಲ್ಲರ ಬೆರಳೂ ತಮ್ಮನತ್ತ. ಅವನು ನನ್ನನ್ನು ಮುಂದಕ್ಕೆ ತಳ್ಳಿದ. “ನಾನಲ್ಲ ಸಾರ್. ನಮ್ಮಣ್ಣ ಕೊಟ್ಟಿದ್ದು.”

ಚಪ್ಪಾಳೆ! ಅದೇ ಚಪ್ಪಾಳೆ... ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಈ ಗಂಟಲಿನಿಂದ!

ಬೆನ್ನ ಹಿಂದಿನಿಂದ ತಮ್ಮ ಪಿಸುಗುಟ್ಟಿದ: “ಈ ಅರಮನೆ ಇಂದಿನಿಂದ...”

ಅಂದರೆ ಉಗ್ರಾಣದ ಬಾಗಿಲಾಚೆ ಅವನು ಕೇಳಿಸಿಕೊಂಡಿದ್ದ... ಪರದೆ ಎಲ್ಲಿದೆಯೆಂದು ಗೊತ್ತಿದ್ದೂ ನನ್ನ ಗುಟ್ಟು ಬಿಡದೆ, ನಮ್ಮ ಮನೆಯ ಟಾರ್ಪಾಲನ್ನು ಬಿಚ್ಚಿ—